ಲಿಂಡ್ಸೆಗೆ ಕೊಡದ ಎಂಟು ನಿಮಿಷ

ನಮ್ಮ ಕ್ಲಬ್ಬಿನಲ್ಲಿ ನನ್ನ ಕೆಲಸ ಓಡುವುದಲ್ಲ, ಓಡುವವರನ್ನು ನಂಬದೇ ಇರುವುದು. ಇಪ್ಪತ್ತೆರಡು ವರ್ಷ ಅದನ್ನು ಚಾಚೂ ತಪ್ಪದೆ ಮಾಡಿದೆ. ಒಬ್ಬನನ್ನು ಮಾತ್ರ, ಒಂದೇ ಒಂದು ಚಳಿಗಾಲದಲ್ಲಿ ನಂಬಬೇಕಿತ್ತು. ನಂಬಲಿಲ್ಲ. ಲಿಂಡ್ಸೆ ಹಿಂಗ್‌ಸ್ಟನ್ ತೀರಿಕೊಂಡು ಈಗ ಐದು ತಿಂಗಳಾಯಿತು. ನಾನು ಮಾಡಿದ್ದನ್ನು ಅವನ ಹೆಂಡತಿ ಮರೀಗೆ ಹೇಳಬೇಕೋ ಬೇಡವೋ ಎಂದು ಅದರಲ್ಲಿ ಮೂರು ತಿಂಗಳು ಒದ್ದಾಡಿದೆ.

ಪ್ರತಿ ಅಕ್ಟೋಬರಿನಲ್ಲಿ ನಮ್ಮದೊಂದು ಪಂದ್ಯವಿರುತ್ತದೆ. ನಮ್ಮೂರು ವಿನ್ಯಾರ್ಡಿನ ದೋಣಿಕಟ್ಟೆಯಿಂದ ಟೇಬಲ್ ಕೇಪ್ ಗುಡ್ಡದ ತುದಿಯ ಲೈಟ್‌ಹೌಸಿನವರೆಗೆ. ಓಡುವವರು ಓಡಬಹುದು, ಸೈಕಲ್ಲಿನವರು ತುಳಿಯಬಹುದು, ನಡೆಯುವವರು ನಡೆಯಬಹುದು. ದಾರಿ ಒಂದೇ, ಮುಟ್ಟುವ ಗೆರೆಯೂ ಒಂದೇ, ಆದರೆ ಒಟ್ಟಿಗೆ ಹೊರಡುವುದಿಲ್ಲ. ನಿಧಾನದವರು ಮೊದಲು, ಬಿರುಸಿನವರು ಕೊನೆಗೆ. ಯಾರು ಎಷ್ಟು ಹೊತ್ತಿಗೆ ಹೊರಡಬೇಕೆಂದು ಗೊತ್ತುಮಾಡುವವಳು ನಾನು. ಶನಿವಾರ ಶನಿವಾರ ಅದೇ ದಾರಿಯಲ್ಲಿ ಅವರು ಅಭ್ಯಾಸ ಮಾಡುವಾಗ ಒಬ್ಬೊಬ್ಬರು ತೆಗೆದುಕೊಂಡ ಹೊತ್ತನ್ನು ಬರೆದಿಡುತ್ತೇನೆ. ನನ್ನ ಲೆಕ್ಕ ಸರಿಯಿದ್ದರೆ ಕೋಲೂರಿ ನಡೆಯುವ ಎಪ್ಪತ್ತರ ಹೆಂಗಸು, ನಲವತ್ತೊಂದು ನಿಮಿಷಕ್ಕೆ ಗುಡ್ಡ ಹತ್ತುವ ಓಟಗಾರ, ಇಪ್ಪತ್ನಾಲ್ಕಕ್ಕೆ ಹತ್ತುವ ಸೈಕಲ್ಲಿನವನು, ಎಲ್ಲರೂ ಸರಿಯಾಗಿ ಹತ್ತು ಗಂಟೆಗೆ ಒಟ್ಟಿಗೆ ಗೆರೆ ಮುಟ್ಟಬೇಕು. ಒಂದು ವರ್ಷ ಹದಿನೇಳು ಜನ ನಲವತ್ತು ಸೆಕೆಂಡಿನೊಳಗೆ ಬಂದು ಒಬ್ಬರ ಮೇಲೊಬ್ಬರು ಬಿದ್ದರು. ಆವತ್ತು ನನ್ನ ಜಂಬಕ್ಕೆ ಊರು ಸಾಲಲಿಲ್ಲ. ಕ್ಲಬ್ಬಿನವರು ನನಗೆ ಗಡಿಯಾರದಮ್ಮ ಎಂದು ಹೆಸರಿಟ್ಟಿದ್ದರು. ಬೆನ್ನ ಹಿಂದೆ ಇಟ್ಟ ಹೆಸರು, ಆಮೇಲೆ ಮುಖದ ಮುಂದೆಯೂ ಕರೆದರು.

ಈ ಪಂದ್ಯ ಗೆಲ್ಲಲು ಒಂದು ಅಡ್ಡದಾರಿಯಿದೆ. ಜೂನ್‌ನಿಂದ ಆಗಸ್ಟ್‌ವರೆಗೆ, ಭೂಮಿಯ ಈ ದಕ್ಷಿಣ ತುದಿಯಲ್ಲಿ ಚಳಿಗಾಲ ಇರುವಷ್ಟು ದಿನ, ಬೇಕೆಂದೇ ನಿಧಾನವಾಗಿ ಓಡಬೇಕು. ಏದುಸಿರು ಬಿಡಬೇಕು, ಸೊಂಟ ಹಿಡಿದುಕೊಳ್ಳಬೇಕು, ವಯಸ್ಸಾಯಿತು ಎಂದು ನಿಟ್ಟುಸಿರಿಡಬೇಕು. ಗಡಿಯಾರ ಹಿಡಿದವಳು ಕರಗಿ ನಾಲ್ಕು ನಿಮಿಷ ಮೊದಲೇ ಹೊರಡಲು ಬಿಟ್ಟರೆ ಅಕ್ಟೋಬರಿನಲ್ಲಿ ಕಟ್ಟು ಬಿಚ್ಚಿದ ಕರುವಿನ ಹಾಗೆ ಓಡಿ ಗೆಲ್ಲಬೇಕು. ಇದಕ್ಕೆ ನಮ್ಮಲ್ಲಿ ಕಾಲು ಬಚ್ಚಿಡುವುದು ಎನ್ನುತ್ತಾರೆ. ಇದನ್ನು ಯಾರೂ ಪಾಪವೆಂದು ಎಣಿಸುವುದಿಲ್ಲ. ಸಿಕ್ಕಿಬಿದ್ದವನನ್ನು ವರ್ಷವಿಡೀ ಆಡಿಕೊಳ್ಳುತ್ತೇವೆ, ಅಷ್ಟೇ.

ನಾನು ಮೂವತ್ತೊಂದು ವರ್ಷ ತರಕಾರಿ ಕಾರ್ಖಾನೆಯ ವೇಬ್ರಿಡ್ಜಿನಲ್ಲಿ ಬಟಾಟೆ ಲಾರಿಗಳನ್ನು ತೂಗಿದವಳು. ಅರ್ಧ ಮಣ್ಣನ್ನೇ ಹೇರಿಕೊಂಡು ಬಂದು, ಮಳೆ ಸ್ವಲ್ಪ ಜಾಸ್ತಿಯಾಯಿತು ಗ್ಲೆನಿಸ್ ಎಂದು ಹಲ್ಲು ಕಿರಿಯುವವರನ್ನು ಸಾಕಷ್ಟು ನೋಡಿದ್ದೇನೆ. ಕಾಲು ಬಚ್ಚಿಟ್ಟವರನ್ನು ಹಿಡಿಯುವುದು ನನಗೆ ಬಟಾಟೆಯಿಂದ ಮಣ್ಣು ಬೇರೆ ಮಾಡಿದಷ್ಟೇ ಸುಲಭವಾಗಿತ್ತು. ಒಂಬತ್ತು ವರ್ಷದ ಹಿಂದೆ ಮಾತ್ರ ಡಾರಿಲ್ ಫೆಂಟನ್ ನನ್ನ ಕಣ್ಣಿಗೆ ಮಣ್ಣೆರಚಿದ. ಹಾರ್ಡ್‌ವೇರ್ ಅಂಗಡಿಯ ಡಾರಿಲ್, ನಮ್ಮ ಸೈಕಲ್ ಗುಂಪಿನ ಯಜಮಾನ. ಆ ಚಳಿಗಾಲವಿಡೀ ಅವನು ಚಕ್ರಕ್ಕೆ ಅರ್ಧವೇ ಗಾಳಿ ತುಂಬಿ ತುಳಿದಿದ್ದ. ಬೆವರು ನಿಜವಾದದ್ದು, ಏದುಸಿರೂ ನಿಜವಾದದ್ದು, ನಾನು ಹೇಗೆ ಹಿಡಿಯಲಿ? ಮರುಕಪಟ್ಟು ಐದು ನಿಮಿಷ ಕೊಟ್ಟೆ. ಪಂದ್ಯದ ದಿನ ಚಕ್ರಕ್ಕೆ ಗಟ್ಟಿಯಾಗಿ ಗಾಳಿ ತುಂಬಿ ಬಂದವನು ಮೇಲೆ ನಿಂತು ಬಾಳೆಹಣ್ಣು ಸುಲಿದು ತಿಂದು ಮುಗಿಸುವಾಗ ಎರಡನೆಯವನು ಬಂದ. ಊರೆಲ್ಲ ನಕ್ಕಿತು. ಇನ್ನು ಮುಂದೆ ಯಾರ ಏದುಸಿರಿಗೂ ಮರುಳಾಗುವುದಿಲ್ಲ ಎಂದು ನಾನು ಆವತ್ತೇ ಗಟ್ಟಿಮಾಡಿಕೊಂಡೆ.

ಲಿಂಡ್ಸೆಯ ವಿಷಯಕ್ಕೆ ಬರುತ್ತೇನೆ. ಪ್ಲಂಬರ್ ಕೆಲಸದಿಂದ ನಿವೃತ್ತನಾದವನು, ಅರವತ್ಮೂರು ವರ್ಷ, ಕೋಲಿನಂಥ ಕಾಲು. ಮೂವತ್ತು ವರ್ಷ ಆ ಪಂದ್ಯ ಓಡಿದ್ದರೂ ಒಮ್ಮೆಯೂ ಗೆದ್ದಿರಲಿಲ್ಲ. ನಾಲ್ಕು ಸಲ ಎರಡನೆಯವನಾಗಿದ್ದ. ಅವನ ನಿಮಿಷಗಳು ಅಷ್ಟು ಸ್ಥಿರ. ಹೋದ ಶನಿವಾರ ನಲವತ್ತೊಂದು, ಈ ಶನಿವಾರ ನಲವತ್ತೊಂದು, ಬರುವ ಶನಿವಾರವೂ ಅದೇ. ಅವನು ಗೆಲ್ಲದಿದ್ದದ್ದು ಪೂರ್ತಿ ನನ್ನಿಂದಲೇ ಎಂದು ಅವನು ಹೇಳುತ್ತಿದ್ದ, ಅದು ನಿಜವೂ ಆಗಿತ್ತು. ಬೇರೆಯವರ ವಿಷಯದಲ್ಲಿ ಅಂದಾಜು ಮಾಡುತ್ತಿದ್ದೆ, ಅವನ ವಿಷಯದಲ್ಲಿ ಅಂದಾಜು ಬೇಕಿರಲಿಲ್ಲ. ನನ್ನ ಮಂಡಿ ಕೆಡುವ ಮುಂಚೆ ಎಂಟು ವರ್ಷ ಅವನ ಪಕ್ಕದಲ್ಲೇ ಓಡಿದವಳು ನಾನು. ಬೆನ್ನ ಹಿಂದಿನಿಂದ ಹೆಜ್ಜೆ ಸದ್ದು ಕೇಳಿದರೇ ಲಿಂಡ್ಸೆ ಬಂದ ಎಂದು ಹೇಳಬಲ್ಲೆನಾಗಿದ್ದೆ.

ಶನಿವಾರದ ಓಟ ಮುಗಿದ ಮೇಲೆ ಬೇಕರಿಯ ಹೊರಗಿನ ಉದ್ದ ಮೇಜು ನಮ್ಮದು. ಹಿಟ್ಟಿನ ಹೊದಿಕೆಯೊಳಗೆ ಚಿಪ್ಪುಮೀನು ತುಂಬಿ ಬೇಯಿಸಿದ ಪೈ, ಕಾಫಿ, ಮತ್ತು ಎಂದೂ ಮುಗಿಯದ ಒಂದು ಜಗಳ.

"ಅರವತ್ತಾದ್ಮೇಲೆ ಓಡೋದು ಅಂದ್ರೆ ಮಂಡೀನ ಕೈಯಾರೆ ಅರೆದು ಪುಡಿ ಮಾಡೋದು," ಎಂದು ಡಾರಿಲ್ ಶುರುಮಾಡುತ್ತಿದ್ದ. "ಬೇಕಿದ್ರೆ ಗ್ಲೆನಿಸ್‌ನ ಕೇಳು. ಸೈಕಲ್ ಅಂದ್ರೆ ಕೀಲಿಗೆ ಎಣ್ಣೆ ಬಿಟ್ಟ ಹಾಗೆ."

"ಕೂತ್ಕೊಂಡು ಮಾಡೋ ವ್ಯಾಯಾಮಾನ ನಮ್ಮನೇಲಿ ಟಿವಿ ನೋಡೋದು ಅಂತಾರೆ," ಎನ್ನುತ್ತಿದ್ದ ಲಿಂಡ್ಸೆ. "ಇಳಿಜಾರು ಬಂದ್ರೆ ಕಾಲು ಅಲ್ಲಾಡ್ಸೋದೇ ಇಲ್ಲ, ಜೊತೆಗೆ ಆ ಬಿಗಿ ಚಡ್ಡಿ ಬೇರೆ. ನನ್ನ ಬೂಟಿಗೆ ಪಂಕ್ಚರ್ ಆಗಲ್ಲ ಮಾರಾಯ."

"ಓಡೋರ ಮುಖ ನೋಡಿದೀಯಾ? ಹಲ್ಲುನೋವಿರೋರ ತರ ಇರತ್ತೆ."

ಮರೀ ಆಗ ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ಸಮುದ್ರದ ಕಡೆಯಿಂದ ಬರುತ್ತಿದ್ದಳು. ವರ್ಷದ ಹನ್ನೆರಡು ತಿಂಗಳೂ, ಮೂಳೆ ಕೊರೆಯುವ ಚಳಿಯಲ್ಲೂ, ದೊಡ್ಡ ಗಾಳಿ ಎದ್ದ ದಿನ ಬಿಟ್ಟರೆ ಈಜು ತಪ್ಪಿಸಿದವಳಲ್ಲ. "ನೀವಿಬ್ರೂ ಬೆವತು ನಾರ್ತೀರಿ. ನಾನು ವ್ಯಾಯಾಮ ಮುಗಿಸೋ ಹೊತ್ತಿಗೆ ಸ್ನಾನಾನೂ ಆಗಿರತ್ತೆ," ಎಂದು ಗಂಡನ ಪೈಯಲ್ಲಿ ಅರ್ಧ ಮುರಿದು ತಿನ್ನುತ್ತಿದ್ದಳು. "ಪಾಪ ಗ್ಲೆನಿಸ್‌ದು ಒಂದೇ. ಹೆಬ್ಬೆರಳಿನ ವ್ಯಾಯಾಮ. ಗಡಿಯಾರ ಒತ್ತೋದು."

ನಾವೆಲ್ಲ ಎಷ್ಟು ನಗುತ್ತಿದ್ದೆವು! ಈಗ ಆ ಮೇಜಿನ ಕಡೆ ನಾನು ಹೋಗುವುದಿಲ್ಲ.

ಕಳೆದ ವರ್ಷ ಜೂನ್‌ನಲ್ಲಿ ಲಿಂಡ್ಸೆ ನಲವತ್ಮೂರು ನಿಮಿಷ ತೆಗೆದುಕೊಂಡ. ನಾನು ಬರೆದುಕೊಂಡೆ, ಒಳಗೊಳಗೇ ನಕ್ಕೆ. ಮೂವತ್ತು ವರ್ಷ ಕಾದು ಕೊನೆಗೂ ಇವನಿಗೆ ಬುದ್ಧಿ ಬಂತು, ಕಾಲು ಬಚ್ಚಿಡಲು ಕಲಿತ ಎಂದುಕೊಂಡೆ. ಜುಲೈ ಮೊದಲಲ್ಲಿ ನಲವತ್ತೈದು. ಮೂರನೆಯ ಶನಿವಾರ ನಲವತ್ತೇಳು. ದುರಾಸೆ ನೋಡು, ಒಂದೇ ಸಲಕ್ಕೆ ಆರು ನಿಮಿಷ ಬೇಕಂತೆ ಎಂದು ಮೂಗು ಮುರಿದೆ.

ಆ ಶನಿವಾರ ಬೇಕರಿಯಲ್ಲಿ ಅವನು ನನ್ನೆದುರು ಕೂತ. ಪೈಯನ್ನು ಹಾಗೇ ಮರೀಯ ಕಡೆ ತಳ್ಳಿದ. ಮೇಜಿನ ಸುತ್ತ ಹತ್ತು ಹನ್ನೆರಡು ಜನರಿದ್ದರು.

"ಗ್ಲೆನಿಸ್, ಈ ವರ್ಷ ನಂಗೆ ಸ್ವಲ್ಪ ಬೇಗ ಹೊರಡೋಕೆ ಬಿಡು ಕಣೇ," ಎಂದ. "ತಮಾಷೆ ಅಲ್ಲ. ಗುಡ್ಡದ ಅರ್ಧಕ್ಕೇ ಎದೆ ಹಿಡ್ಕೊಳತ್ತೆ."

"ನಿಮ್ಮೆಲ್ರ ಎದೇನೂ ಜುಲೈನಲ್ಲೇ ಯಾಕೆ ಹಿಡ್ಕೊಳತ್ತೋ ನಂಗಂತೂ ಗೊತ್ತಾಗಲ್ಲ," ಎಂದೆ. "ನವೆಂಬರ್‌ನಲ್ಲಿ ಒಬ್ರಿಗೂ ಹಿಡ್ಕೊಳ್ಳಲ್ವಲ್ಲ."

ಮೇಜು ಗೊಳ್ಳೆಂದಿತು. ಜನ ನಕ್ಕರೆ ನನ್ನ ನಾಲಿಗೆಗೆ ಲಗಾಮು ಇರುವುದಿಲ್ಲ, ಅದು ನನ್ನ ಹುಟ್ಟುಗುಣ. ಎದ್ದು ನಿಂತೆ. ಅವನು ಎದೆ ಹಿಡಿದುಕೊಂಡು ಓಡುವ ಹಾಗೆ ಮಾಡಿ ತೋರಿಸಿದೆ. ಅವನ ಹೆಜ್ಜೆ ನನಗೆ ಬಾಯಿಪಾಠ, ಹಾಗೇ ಓಡಿ ತೋರಿಸಿದೆ.

"ನಿಜವಾಗ್ಲೂ ನಾಟಕ ಅಂತೀಯಾ?" ಎಂದು ಲಿಂಡ್ಸೆ ಕೇಳಿದ. ನಗುತ್ತಲೇ ಕೇಳಿದ, ಆದರೆ ಕಣ್ಣು ನನ್ನ ಮುಖದ ಮೇಲೇ ಇತ್ತು.

"ಎಂಟು ವರ್ಷ ನಿನ್ನ ಜೊತೆ ಓಡಿದೀನಿ, ಇಪ್ಪತ್ತೆರಡು ವರ್ಷದಿಂದ ನಿನ್ನ ಓಟ ನೋಡ್ತಿದೀನಿ. ನಿನ್ನ ಕಾಲು ನಿಂಗಿಂತ ನಂಗೆ ಚೆನ್ನಾಗಿ ಗೊತ್ತು. ನಿನ್ನ ಮೈಗೆ ಏನೂ ಆಗಿಲ್ಲ ಕಣೋ. ಕಲ್ಲಿನ ಹಾಗಿದೀಯ. ನಿನ್ನ ಬಿಡೋ ಹೊತ್ತಲ್ಲಿ ಒಂದು ಸೆಕೆಂಡೂ ಬದಲಾಗಲ್ಲ. ಈ ನಾಟಕಕ್ಕೆ ಬೇಕಿದ್ರೆ ಒಂದು ನಿಮಿಷ ತಡವಾಗಿ ಬಿಡ್ತೀನಿ."

ಲಿಂಡ್ಸೆ ಕುರ್ಚಿಗೆ ಒರಗಿ ದೊಡ್ಡದಾಗಿ ನಕ್ಕ. ಅವನ ಮುಖ ಹಗುರಾಗಿದ್ದು ನನಗೆ ಕಂಡಿತು. ಕಳ್ಳ ಸಿಕ್ಕಿಬಿದ್ದು ತಪ್ಪೊಪ್ಪಿಕೊಂಡ ಮುಖ ಎಂದುಕೊಂಡೆ. ಮರೀ ಕಡೆ ತಿರುಗಿ, "ಕೇಳಿದ್ಯಾ? ಗಡಿಯಾರದಮ್ಮ ತೀರ್ಪು ಕೊಟ್ಬಿಟ್ಳು," ಎಂದ. ಮರೀಯೂ ನಕ್ಕಳು. ಅವನು ತಳ್ಳಿದ್ದ ಪೈಯನ್ನು ಮತ್ತೆ ಎಳೆದುಕೊಂಡು ಪೂರ್ತಿ ತಿಂದ.

ಆಗಸ್ಟ್ ಕೊನೆಯಲ್ಲಿ ಡಾರಿಲ್ ಸೈಕಲ್ ತಳ್ಳಿಕೊಂಡು ನನ್ನ ಕಾರಿನ ಹತ್ತಿರ ಬಂದ. ಸುತ್ತಮುತ್ತ ಯಾರೂ ಇರಲಿಲ್ಲ.

"ಇವತ್ತು ಗುಡ್ಡದ ಮೇಲೆ ಲಿಂಡ್ಸೆನ ದಾಟ್ಕೊಂಡು ಹೋದೆ. ಉಸಿರು ಕೇಳಿಸ್ತು. ಚೆನ್ನಾಗಿರ್ಲಿಲ್ಲ ಗ್ಲೆನಿಸ್."

"ಹೇಗಿತ್ತು? ಅರ್ಧ ಗಾಳಿ ತುಂಬಿದ ಚಕ್ರದ ಹಾಗಾ?"

ಅವನ ಮುಖ ಕೆಂಪಾಯಿತು. "ಅದು ಬೇರೆ. ಇದು ಬೇರೆ."

"ಇಬ್ರೂ ಸೇರಿ ನನ್ನ ಕುಣಿಸ್ತಿದೀರಾ? ಅವನು ಗೆದ್ರೆ ನಿಂಗೇನು ಸಿಗತ್ತೆ?"

ಡಾರಿಲ್ ಸೈಕಲ್ ಹತ್ತಿ ಹೋದ. ಕನ್ನಡಿಯಲ್ಲಿ ಅವನ ಬೆನ್ನು ನೋಡುತ್ತಾ ನಾನು ಗೆದ್ದೆ ಎಂದುಕೊಂಡೆ. ಆ ನಿಮಿಷವನ್ನು ಎಷ್ಟು ಸಲ ವಾಪಸು ಕರೆದಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಕಾರಿನಿಂದ ಇಳಿದು, ಏನಾಗಿತ್ತು ಹೇಳು ಡಾರಿಲ್ ಎಂದು ಕೇಳುತ್ತೇನೆ.

ಸೆಪ್ಟೆಂಬರಿನ ಕೊನೆಯ ಶನಿವಾರ ಲಿಂಡ್ಸೆ ತೆಗೆದುಕೊಂಡದ್ದು ನಲವತ್ತೊಂಬತ್ತು ನಿಮಿಷ. ಆ ಲೆಕ್ಕದ ಪ್ರಕಾರ ಪಂದ್ಯದ ದಿನ ಅವನು ಒಂಬತ್ತು ಹನ್ನೊಂದಕ್ಕೆ ಹೊರಡಬೇಕು. ಹಳೆಯ ನಲವತ್ತೊಂದರ ಲೆಕ್ಕದಲ್ಲಿ ಒಂಬತ್ತು ಹತ್ತೊಂಬತ್ತಕ್ಕೆ. ನಾನು ಒಂಬತ್ತು ಇಪ್ಪತ್ತು ಎಂದು ಬರೆದು ಕ್ಲಬ್ಬಿನ ಬಾಗಿಲಿಗೆ ಅಂಟಿಸಿದೆ. ಎಂಟು ನಿಮಿಷ ಕೊಡಲಿಲ್ಲ, ಮೇಲೆ ಒಂದು ನಿಮಿಷ ಕಿತ್ತುಕೊಂಡೆ. ಎಲ್ಲರೂ ಓದಿ ನಕ್ಕರು. ಲಿಂಡ್ಸೆಯೂ ಓದಿ ನನ್ನ ಭುಜಕ್ಕೆ ಮೆಲ್ಲಗೆ ಗುದ್ದಿದ.

ಪಂದ್ಯದ ದಿನ ಗುಡ್ಡದ ಮೇಲೆ ಟ್ಯೂಲಿಪ್ ಹೊಲಗಳು ಪೂರ್ತಿ ಅರಳಿದ್ದವು, ಗಾಳಿ ಮಾತ್ರ ಚೂರಿ ಹಾಕಿದ ಹಾಗಿತ್ತು. ಮೊದಲ ಗುಂಪು ಹೊರಟ ಮೇಲೆ ಲಿಂಡ್ಸೆ ಕಟ್ಟೆಯ ಮೇಲೆ ಕೂತಿದ್ದ. ಹೊರಡುವ ಸರದಿ ಬಂದಾಗ, "ಹೋಗ್ತೀನಮ್ಮ ಗಡಿಯಾರದಮ್ಮ," ಎಂದ. "ಓಡು, ಸಾಕು ನಾಟಕ," ಎಂದೆ. ಓಟಗಾರನಾಗಿದ್ದ ಲಿಂಡ್ಸೆಗೆ ನಾನು ಆಡಿದ ಕೊನೆಯ ಮಾತು ಅದು.

ಕೊನೆಯ ಸೈಕಲ್ಲಿನವರನ್ನು ಬಿಟ್ಟು ನಾನು ಬೇರೆ ದಾರಿಯಲ್ಲಿ ಕಾರು ಓಡಿಸಿಕೊಂಡು ಮೇಲೆ ಬಂದು ನಿಂತೆ. ಹತ್ತಕ್ಕೆ ಇನ್ನೂ ಅರ್ಧ ನಿಮಿಷ ಇರುವಾಗ ನಡೆಯುವ ಹೆಂಗಸರಿಬ್ಬರು ಬಂದರು, ಅವರ ಬೆನ್ನಿಗೇ ಓಟಗಾರರು, ಸೈಕಲ್ಲುಗಳು. ಹತ್ತು ಗಂಟೆ ಎರಡು ನಿಮಿಷದೊಳಗೆ ಎಲ್ಲರೂ ಬಂದಾಗಿತ್ತು. ಎಂಥ ಲೆಕ್ಕ! ಜನ ನನ್ನ ಬೆನ್ನು ತಟ್ಟಿದರು. ಬರಬೇಕಾದವನು ಒಬ್ಬನೇ. ಮರೀ ಜಾಕೆಟ್ ಹಿಡಿದುಕೊಂಡು ದಾರಿ ನೋಡುತ್ತಿದ್ದಳು.

ಹತ್ತೂ ಹದಿನೈದಾಯಿತು. "ನನ್ನ ಮೇಲಿನ ಸಿಟ್ಟಿಗೆ ನಡ್ಕೊಂಡು ಬರ್ತಿದಾನೆ," ಎಂದೆ. ಕೆಲವರು ನಕ್ಕರು. ಡಾರಿಲ್ ನಗಲಿಲ್ಲ. ತನ್ನ ಸೈಕಲ್ ತಿರುಗಿಸಿ ಗುಡ್ಡ ಇಳಿದ. ಆರು ನಿಮಿಷಕ್ಕೆ ಮರೀಯ ಫೋನ್ ಬಡಿದುಕೊಂಡಿತು.

ಕೊನೆಯ ಸೈಕಲ್ ದಾಟುವಾಗ ಇನ್ನೂ ಮೆಲ್ಲಗೆ ಹತ್ತುತ್ತಿದ್ದ ಲಿಂಡ್ಸೆ ಈಗ ತಿರುವಿನಲ್ಲಿ ಹೊಲದ ಬೇಲಿಗೆ ಒರಗಿ ಕೂತಿದ್ದನಂತೆ. ತುಟಿ ನೀಲಿಯಾಗಿತ್ತಂತೆ. ನಾವು ಹೋಗುವ ಹೊತ್ತಿಗೆ ಆಂಬುಲೆನ್ಸ್ ಬರುತ್ತಿತ್ತು. ಅವನನ್ನು ಒಳಗೆ ಮಲಗಿಸಿದ ಮೇಲೆ ಡಾರಿಲ್ ನನ್ನ ಹತ್ತಿರ ಬಂದು, ಬೇರೆ ಯಾರಿಗೂ ಕೇಳದ ಹಾಗೆ, "ಹೇಳಿದ್ದೆ ನಿಂಗೆ," ಎಂದ. ಆಮೇಲೆ ನನ್ನೊಡನೆ ಮಾತಾಡಿಲ್ಲ. ಮಾತಾಡಬೇಕೆಂದು ನಾನೂ ಕೇಳಿಲ್ಲ.

ಹೃದಯದ ಒಂದು ಕವಾಟ ಗಟ್ಟಿಯಾಗಿ ಸಣ್ಣ ತೂತು ಮಾತ್ರ ಉಳಿದಿತ್ತು ಎಂದರು ಡಾಕ್ಟರು. ಇಂಥದ್ದು ಮೆಲ್ಲಮೆಲ್ಲಗೆ ಬರುತ್ತದಂತೆ. ಮೊದಲು ಏರಿನಲ್ಲಿ ಉಸಿರು ಸಾಲುವುದಿಲ್ಲ, ಆಮೇಲೆ ಎದೆ ಹಿಡಿದುಕೊಳ್ಳುತ್ತದೆ. ಚಳಿಗಾಲದಲ್ಲೇ ಬಂದಿದ್ದರೆ ಕವಾಟ ಬದಲಾಯಿಸಿ ಕಳಿಸಬಹುದಿತ್ತು, ಈಗ ಹೃದಯವೇ ಸೋತಿದೆ, ಸ್ವಲ್ಪ ಶಕ್ತಿ ಬರಲಿ, ಹೋಬಾರ್ಟಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ ಆಪರೇಷನ್ ಮಾಡೋಣ ಎಂದರು. ಮರೀ ಇದನ್ನು ನನಗೆ ಫೋನಿನಲ್ಲಿ ಹೇಳುತ್ತಿದ್ದಾಗ ನಾನು ಅಡುಗೆಮನೆಯಲ್ಲಿ ನಿಂತಿದ್ದೆ. ಚಳಿಗಾಲ ಎಂಬ ಮಾತು ಕೇಳಿದ ಮೇಲೆ ಶನಿವಾರದ ನಿಮಿಷಗಳನ್ನು ಬರೆದಿಟ್ಟ ಪುಸ್ತಕ ತೆರೆದೆ. ನಲವತ್ಮೂರು, ನಲವತ್ತೈದು, ನಲವತ್ತೇಳು. ಒಬ್ಬ ಮನುಷ್ಯನ ಎದೆ ಮುಚ್ಚಿಕೊಳ್ಳುತ್ತಿದ್ದುದನ್ನು ನಾನು ನನ್ನ ಕೈಯಾರೆ, ವಾರವಾರ, ತಾರೀಖು ಹಾಕಿ ಬರೆದಿದ್ದೆ. ಆಮೇಲೆ ಎದ್ದು ನಿಂತು ಆಡಿಕೊಂಡಿದ್ದೆ.

ಆಸ್ಪತ್ರೆಗೆ ಹೋದೆ. ಕ್ಷಮೆ ಕೇಳಬೇಕೆಂದೇ ಹೋದೆ, ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋದೆ. ಮೂಗಿಗೆ ನಳಿಗೆ ಹಾಕಿದ್ದರು. ಅವನು ನನ್ನನ್ನು ಕಂಡದ್ದೇ ಶುರುಮಾಡಿದ.

"ಬಾ ಬಾ. ಸುದ್ದಿ ಕೇಳಿದ್ಯಾ? ಒಬ್ಬ ಹುಡುಗಿ ಬಂದು ದಿನಾ ಇಪ್ಪತ್ತು ಹೆಜ್ಜೆ ನಡೆಸ್ತಾಳೆ. ನಡೆಯೋರನ್ನ ಇಷ್ಟು ವರ್ಷ ಗೇಲಿ ಮಾಡ್ದೆ, ಈಗ ನಾನೇ ಆ ಗುಂಪಿಗೆ ಸೇರ್ದೆ. ಡಾರಿಲ್‌ಗೆ ಮಾತ್ರ ಹೇಳ್ಬೇಡ."

"ಲಿಂಡ್ಸೆ, ಜುಲೈನಲ್ಲಿ ನಾನು..."

"ನಡೆಯೋದೂ ಅಷ್ಟು ಸುಲಭ ಅಲ್ಲ ಕಣೇ. ಕಿಟಕಿ ತನಕ ಹೋಗಿ ಬಂದ್ರೆ ಬೆವರತ್ತೆ." ಅವನು ಕಣ್ಣು ಮುಚ್ಚಿಕೊಂಡ. ಹೊತ್ತು ಬಿಟ್ಟು, "ನೀನು ಮಾಡಿ ತೋರಿಸಿದ್ದು ಚೆನ್ನಾಗಿತ್ತು," ಎಂದ. "ಮನೆಗೆ ಹೋದ್ಮೇಲೂ ನಗ್ತಿದ್ವಿ."

ನಾನು ಅವನ ಕೈ ಹಿಡಿದುಕೊಂಡೆ. ನಾಳೆ ಹೇಳೋಣ, ಸ್ವಲ್ಪ ಚೇತರಿಸಿಕೊಳ್ಳಲಿ ಎಂದು ನನಗೆ ನಾನೇ ಹೇಳಿಕೊಂಡು ಎದ್ದು ಬಂದೆ. ಹೋಬಾರ್ಟಿಗೆ ಹೊರಡುವ ಮುಂಚೆಯೇ, ಹತ್ತೊಂಬತ್ತನೆಯ ದಿನ, ಮಂಗಳವಾರ ಬೆಳಿಗ್ಗೆ ಅವನು ಹೋದ. ಹೇಳಬೇಕಾದವನಿಗೆ ಹೇಳದೇ ಉಳಿದೆ.

ಅಂತ್ಯಕ್ರಿಯೆ ಮುಗಿದ ಮೇಲೆ ಚರ್ಚಿನ ಹಿಂದಿನ ಹಾಲಿನಲ್ಲಿ ಚಹಾ, ಸ್ಯಾಂಡ್‌ವಿಚ್, ಯಾರೋ ಮಾಡಿ ತಂದ ಕೇಕು ಇಟ್ಟಿದ್ದರು. ಮರೀ ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದಳು. "ಗೊತ್ತೇ ಆಗ್ಲಿಲ್ಲ. ಪಕ್ಕದಲ್ಲೇ ಮಲಗ್ತಿದ್ದೆ, ಗೊತ್ತೇ ಆಗ್ಲಿಲ್ಲ." ನಾನು ಹತ್ತಿರ ಹೋದಾಗ ನನ್ನನ್ನು ತಬ್ಬಿಕೊಂಡು, ಸುತ್ತ ನಿಂತವರಿಗೆ, "ನೋಡಿ, ಗ್ಲೆನಿಸ್‌ಗೇ ಗೊತ್ತಾಗ್ಲಿಲ್ಲ. ಅವನ ಒಂದೊಂದು ನಿಮಿಷಾನೂ ಬರೆದಿಟ್ಟೋಳು. ಅವಳಿಗೇ ಗೊತ್ತಾಗ್ಲಿಲ್ಲ ಅಂದ್ಮೇಲೆ ನಂಗೆ ಹೇಗೆ ಗೊತ್ತಾಗ್ಬೇಕು?" ಎಂದಳು.

ಜನ ಹೌದು ಹೌದು ಎಂದು ತಲೆಯಾಡಿಸಿದರು. ಮರೀಯ ಹೆಗಲ ಆಚೆ ಡಾರಿಲ್ ಚಹಾದ ಕಪ್ಪು ಹಿಡಿದು ನನ್ನನ್ನೇ ನೋಡುತ್ತಿದ್ದ. ಅವಳ ಬೆನ್ನು ಸವರಿದೆ.

ಅಲ್ಲಿಂದ ಮೂರು ತಿಂಗಳು. ಮರೀ ಸಿಕ್ಕಾಗಲೆಲ್ಲ ಅದೇ ಮಾತು ಹೇಳುತ್ತಿದ್ದಳು, ನನ್ನನ್ನೇ ಸಾಕ್ಷಿಗೆ ಕರೆಯುತ್ತಿದ್ದಳು. ಅವಳು ತನ್ನನ್ನು ತಾನು ದೂರಿಕೊಂಡು ಸೊರಗುತ್ತಿದ್ದಳು. ಈಜು ಬಿಟ್ಟಿದ್ದಳು. ನಾನು ಬಾಯಿ ಬಿಟ್ಟರೆ ಆ ಹೊರೆ ಅವಳ ತಲೆಯಿಂದ ಇಳಿದು ನನ್ನ ತಲೆಗೆ ಬರುತ್ತದೆ, ಬರಬೇಕಾದದ್ದೂ ನನ್ನ ತಲೆಗೇ. ಆದರೆ ಬಾಯಿ ಬಿಟ್ಟರೆ ಮರೀ ನನ್ನ ಪಾಲಿಗೆ ಇರುವುದಿಲ್ಲ. ನನಗೆ ಗಂಡನಿಲ್ಲ, ಮಕ್ಕಳಿಲ್ಲ, ಅವರಿಬ್ಬರ ಮನೆಯೇ ನನ್ನ ಮನೆಯಾಗಿತ್ತು. ನಾನು ಹೆದರಿದೆ. ಅದನ್ನು ಮುಚ್ಚಿಡುವುದು ಏಕೆ, ಹೆದರಿಕೆಯಿಂದಲೇ ಸುಮ್ಮನಿದ್ದೆ.

ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ ಸಮುದ್ರದಂಡೆಯ ಬೆಂಚಿನ ಮೇಲೆ ಅವಳು ಒಬ್ಬಳೇ ಕೂತಿದ್ದು ಕಂಡಿತು. ಬೇಸಿಗೆ, ನೀರಿನ ತುಂಬ ಜನ. ಅವಳು ಮಾತ್ರ ಕೋಟು ಹಾಕಿಕೊಂಡು ಕೂತಿದ್ದಳು. ಅದನ್ನು ನೋಡಿದ ಮೇಲೆ ನನ್ನಿಂದ ತಡೆಯಲಾಗಲಿಲ್ಲ. ಪಕ್ಕದಲ್ಲಿ ಕೂತೆ.

"ಮರೀ, ನಿಂಗೆ ಗೊತ್ತಾಗ್ಲಿಲ್ಲ ಅಂತ ಕೊರಗ್ಬೇಡ. ನಂಗೆ ಗೊತ್ತಾಗಿತ್ತು," ಎಂದೆ. "ಜೂನ್‌ನಿಂದ ಅವನು ವಾರವಾರಾನೂ ಹಿಂದೆ ಬೀಳ್ತಿದ್ದ. ಎಲ್ಲ ನನ್ನ ಕಣ್ಣ ಮುಂದೇನೇ ಇತ್ತು. ಡಾರಿಲ್ ಕೂಡ ಬಂದು ಹೇಳ್ದ. ನಾನು ಕಾಲು ಬಚ್ಚಿಡ್ತಿದಾನೆ ಅಂದ್ಕೊಂಡೆ. ಎದೆ ಹಿಡ್ಕೊಳತ್ತೆ ಅಂತ ಅವನೇ ಬಾಯ್ಬಿಟ್ಟು ಹೇಳಿದ್ರೂ ನಂಬ್ಲಿಲ್ಲ. ಮೈಗೆ ಏನೂ ಆಗಿಲ್ಲ ಅಂದೆ. ಆವತ್ತು ನಾನು ಡಾಕ್ಟ್ರ ಹತ್ರ ಹೋಗು ಅಂದಿದ್ರೆ ಅವನು ಇರ್ತಿದ್ದ."

ಅವಳು ನೀರಿನ ಕಡೆ ನೋಡುತ್ತಿದ್ದಳು. ಬಯ್ಯಲಿ, ಎದ್ದು ಹೋಗಲಿ, ಕಪಾಳಕ್ಕೆ ಹೊಡೆಯಲಿ ಎಂದು ಕಾದೆ.

"ಅವನು ಡಾಕ್ಟ್ರ ಹತ್ರ ಹೋಗೋದು ಅಂತಾನೇ ಇತ್ತು," ಎಂದಳು ಮರೀ.

ನಾನು ಅವಳ ಕಡೆ ತಿರುಗಿದೆ.

"ನೀನು ಆ ನಾಟಕ ಮಾಡಿ ತೋರಿಸಿದ್ದು ಶನಿವಾರ. ಸೋಮವಾರ ಒಂಬತ್ತೂವರೆಗೆ ಬರ್ನಿಯಲ್ಲಿ ಹೃದಯದ ಡಾಕ್ಟ್ರು ಸಮಯ ಕೊಟ್ಟಿದ್ರು. ಏನೇನೋ ಪರೀಕ್ಷೆ ಮಾಡ್ತಾರೆ, ವಾಪಸ್ ಬರುವಾಗ ಕಾರು ಓಡ್ಸೋ ಹಾಗಿಲ್ಲ ಅಂದಿದ್ರು, ಅದಕ್ಕೆ ನಾನೇ ಕರ್ಕೊಂಡು ಹೋಗ್ಬೇಕಿತ್ತು. ಭಾನುವಾರ ರಾತ್ರಿ ಊಟಕ್ಕೆ ಕೂತಾಗ ಕೇಳ್ದ, ಗ್ಲೆನಿಸ್ ಅಷ್ಟು ಗಟ್ಟಿಯಾಗಿ ಹೇಳ್ತಾಳೆ, ಆದ್ರೂ ಹೋಗಿ ಬಂದುಬಿಡ್ಲಾ ಅಂತ. ಅವನಿಗೆ ಹೋಗೋಕೆ ಮನಸ್ಸಿತ್ತು ಗ್ಲೆನಿಸ್. ಗಡಿಯಾರದಮ್ಮ ಹೇಳಿದ್ಮೇಲೆ ಮುಗೀತು ಬಿಡು ಅಂದೋಳು ನಾನು. ಬೆಳಿಗ್ಗೆ ಫೋನ್ ಮಾಡಿ, ಕ್ಷಮಿಸಿ, ಬರೋದಿಲ್ಲ, ಆ ಸಮಯ ಬೇರೆಯವ್ರಿಗೆ ಕೊಡಿ ಅಂದೋಳೂ ನಾನೇ. ಗೊತ್ತೇ ಆಗ್ಲಿಲ್ಲ ಅಂತ ಊರೆಲ್ಲ ಹೇಳ್ಕೊಂಡು ತಿರುಗ್ತಿದೀನಿ."

"ನೀನು ನನ್ನ ಮಾತು ನಂಬಿದ್ದೆ," ಎಂದೆ. "ಅದು ನಿನ್ನ ತಪ್ಪಲ್ಲ."

ಮರೀ ತಲೆಯಾಡಿಸಿದಳು. ಕೋಟಿನ ಗುಂಡಿ ಹಿಡಿದು ತಿರುಗಿಸುತ್ತಿದ್ದಳು.

"ನಂಬಿದ್ದೆನೋ ಇಲ್ವೋ ನಂಗೇ ಗೊತ್ತಿಲ್ಲ. ಎರಡು ವಾರದಿಂದ ಒಂದೇ ಸಮ ಗಾಳಿ, ನೀರಿಗಿಳಿಯೋಕೇ ಆಗಿರ್ಲಿಲ್ಲ. ಮೈಯೆಲ್ಲ ಜಡ್ಡುಗಟ್ಟಿದ ಹಾಗಿತ್ತು. ಆ ಸೋಮವಾರ ಬೆಳಿಗ್ಗೆ ಎದ್ದು ಕಿಟಕಿ ತೆಗೆದ್ರೆ ಗಾಳಿ ನಿಂತಿತ್ತು, ಸಮುದ್ರ ಹಾಸಿದ ಬಟ್ಟೆ ಹಾಗೆ ಮಲಗಿತ್ತು. ಬರ್ನಿಗೆ ಹೋದ್ರೆ ಆ ಬೆಳಿಗ್ಗೆ ಹೋಯ್ತು. ಫೋನ್ ಇಟ್ಟೋಳೇ ಟವೆಲ್ ಎತ್ಕೊಂಡು ಬಂದೆ." ಅವಳು ಗುಂಡಿಯಿಂದ ಕೈ ತೆಗೆದಳು. "ಆವತ್ತು ನಲವತ್ತು ನಿಮಿಷ ಈಜ್ದೆ ಗ್ಲೆನಿಸ್. ನೀರು ತುಂಬ ಚೆನ್ನಾಗಿತ್ತು."